ರಿಸೀವರ್‌ನ ಬೆನ್ನ ಕಡೆ

ಹೋಮ್ ಥಿಯೇಟರ್ ರಿಸೀವರ್ ಕೊಳ್ಳುವಾಗ ನಾವು ನೋಡುವುದು ಅದರ ಮುಖವನ್ನು. ಎರಡು ದೊಡ್ಡ ತಿರುಗುಗುಂಡಿ, ನಡುವೆ ಪುಟ್ಟ ಪರದೆ. ಬಹಳ ಸಭ್ಯವಾಗಿ ಕಾಣುತ್ತದೆ. ಮನೆಗೆ ತಂದು ತಿರುಗಿಸಿದಾಗ ಅದರ ನಿಜರೂಪ ಗೊತ್ತಾಗುತ್ತದೆ: ಸಾಲು ಸಾಲು ಸಾಕೆಟ್‌ಗಳು, ಬಣ್ಣ ಬಣ್ಣದ ತಿರುಪುಗಳು, ಕಣ್ಣು ಕಿರಿದು ಮಾಡಿದರೂ ಓದಲಾಗದ ಅಕ್ಷರಗಳು. ಅದನ್ನು ನೋಡಿ ಕೆಲವರ ಧೈರ್ಯ ಉಡುಗುತ್ತದೆ. ಇನ್ನು ಕೆಲವರಿಗೆ ಧೈರ್ಯ ಮಿತಿಮೀರಿ, ಹಿಡಿಸಿದ ತೂತಿಗೆಲ್ಲ ಪ್ಲಗ್ ತುರುಕುತ್ತಾರೆ. ಇವತ್ತು ನಾನು ಮಾತನಾಡುವುದು ಆ ಬೆನ್ನ ಕಡೆಯ ಬಗ್ಗೆ ಮಾತ್ರ. ಯಾವ ಕಂಪನಿಯದು ಒಳ್ಳೆಯದು ಎಂದು ದಯವಿಟ್ಟು ಕೇಳಬೇಡಿ. ನನ್ನ ವಾದ ಇಷ್ಟೇ: ಮನೆಯಲ್ಲಿ ಧ್ವನಿ ಚೆನ್ನಾಗಿ ಬರುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಉಪಕರಣದ ದೋಷವಲ್ಲ, ಜೋಡಣೆಯ ದೋಷ. ಅದನ್ನು ಸರಿಪಡಿಸಲು ಹೊಸ ಸಾಮಾನು ಬೇಕಿಲ್ಲ, ಬಿಡುವಾದ ಒಂದು ಸಂಜೆ ಸಾಕು.

ಈ ಪೆಟ್ಟಿಗೆ ಮಾಡುವ ಕೆಲಸ ಮೂರು. ಟಿವಿ, ಡಿಸ್ಕ್ ಪ್ಲೇಯರ್, ಗೇಮ್ ಕನ್ಸೋಲ್, ರೆಕಾರ್ಡ್ ಪ್ಲೇಯರ್ ಎಂದು ಹಲವು ಕಡೆಯಿಂದ ಬರುವ ಸಿಗ್ನಲ್‌ಗಳಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಆರಿಸಿದ ಧ್ವನಿಯನ್ನು ಬಿಡಿಸಿ ಯಾವ ಸ್ಪೀಕರ್‌ಗೆ ಯಾವ ಭಾಗ ಎಂದು ಹಂಚುತ್ತದೆ. ಹಂಚಿದ್ದಕ್ಕೆ ಸ್ಪೀಕರ್ ಅಲುಗಾಡುವಷ್ಟು ಬಲ ತುಂಬುತ್ತದೆ. ಹಿಂಬದಿಯ ಹತ್ತಾರು ಸಾಕೆಟ್‌ಗಳಲ್ಲಿ ಯಾವುದನ್ನು ಮುಟ್ಟಿ ತೋರಿಸಿದರೂ ಅದು ಈ ಮೂರರಲ್ಲಿ ಒಂದಕ್ಕೆ ಸೇರಿದ್ದು.

ಅವುಗಳಲ್ಲಿ ಹರಿಯುವ ಸಿಗ್ನಲ್‌ಗಳ ಬಲದಲ್ಲಿರುವ ಅಂತರವನ್ನು ಸ್ವಲ್ಪ ಗಮನಿಸಿ. ರೆಕಾರ್ಡ್ ಪ್ಲೇಯರ್‌ನ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಇನ್ನೂರನೇ ಒಂದು ಭಾಗ. ಸಿಡಿ ಪ್ಲೇಯರ್‌ನ ಕೆಂಪು–ಬಿಳಿ ಸಾಕೆಟ್‌ಗಳಿಂದ ಬರುವುದು ಹೆಚ್ಚೆಂದರೆ 2 ವೋಲ್ಟಿನ ಆಸುಪಾಸು. 8 ಓಮ್ ಸ್ಪೀಕರ್‌ಗೆ 100 ವ್ಯಾಟ್ ಕೊಡಬೇಕಾದರೆ ಸ್ಪೀಕರ್ ಟರ್ಮಿನಲ್‌ನಲ್ಲಿ 28 ವೋಲ್ಟ್ ಇರಬೇಕು, ಮೂರೂವರೆ ಆಂಪಿಯರ್ ಹರಿಯಬೇಕು. ಮುಳ್ಳಿನಿಂದ ಸ್ಪೀಕರ್‌ಗೆ ಬರುವಷ್ಟರಲ್ಲಿ ವೋಲ್ಟೇಜ್ ಐದೂವರೆ ಸಾವಿರ ಪಟ್ಟಿಗೂ ಹೆಚ್ಚಾಗಿರುತ್ತದೆ. ಇವುಗಳ ಜೊತೆಗೆ ಎಚ್‌ಡಿಎಂಐ, ಆಪ್ಟಿಕಲ್‌ನಂಥ ಡಿಜಿಟಲ್ ಸಾಕೆಟ್‌ಗಳಿವೆ. ಅವುಗಳಲ್ಲಿ ಹರಿಯುವುದು ಧ್ವನಿಯಲ್ಲ, ಅಂಕಿಗಳು. ಕೈಯಲ್ಲಿರುವ ತಂತಿ ಹೊರುವುದು ಅತಿ ಸಣ್ಣ ವೋಲ್ಟೇಜನ್ನೋ, ಅಂಕಿಗಳನ್ನೋ, ಸ್ಪೀಕರ್ ಓಡಿಸುವ ಶಕ್ತಿಯನ್ನೋ ಎಂದು ಪ್ರತಿ ಸಲ ಕೇಳಿಕೊಂಡರೆ ದೊಡ್ಡ ಅನಾಹುತಗಳು ಆಗುವುದಿಲ್ಲ. ಸ್ಪೀಕರ್ ಟರ್ಮಿನಲ್‌ನಿಂದ ಹೊರಟ ತಂತಿ ಸ್ಪೀಕರ್‌ಗಲ್ಲದೆ ಬೇರೆ ಯಾವ ಉಪಕರಣಕ್ಕೂ ಹೋಗಬಾರದು. ಸ್ಪೀಕರ್ ಮಟ್ಟದ ಸಿಗ್ನಲ್ಲನ್ನು ಸ್ವೀಕರಿಸುವ ಪ್ರತ್ಯೇಕ ಸಾಕೆಟ್ ಇರುವ ಕೆಲವು ಸಬ್‌ವೂಫರ್‌ಗಳಷ್ಟೇ (ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್) ಇದಕ್ಕೆ ಹೊರತು.

ಸರಿ, ಕೆಲಸ ಶುರು ಮಾಡೋಣ. ಮೊದಲು ವಿದ್ಯುತ್ ಪ್ಲಗ್ ಕಿತ್ತಿಡಿ. ರಿಮೋಟಿನಲ್ಲಿ ಆರಿಸಿದರೆ ಸಾಲದು, ಏಕೆಂದರೆ ರಿಮೋಟಿಗೆ ಓಗೊಡಬೇಕಾದರೆ ಯಂತ್ರ ಒಳಗೆ ಅರೆ ಎಚ್ಚರದಲ್ಲೇ ಇರಬೇಕು. ಎಲ್ಲ ತಂತಿಗಳನ್ನೂ ಜೋಡಿಸಿ, ಒಮ್ಮೆ ಕಣ್ಣಾಡಿಸಿ, ಆಮೇಲೆ ಕೊನೆಯದಾಗಿ ಪ್ಲಗ್ ಹಾಕಿ.

ತಂತಿ ಎಳೆಯುವ ಮೊದಲು ಸ್ಪೀಕರ್‌ಗಳ ಜಾಗ ತೀರ್ಮಾನವಾಗಬೇಕು. ತಂತಿ ಎಷ್ಟು ಉದ್ದವಿದೆಯೋ ಅಲ್ಲಿಗೆ ಸ್ಪೀಕರ್ ಇಡುವ ಪದ್ಧತಿ ಬಹಳ ಮನೆಗಳಲ್ಲಿದೆ. ಅದು ತಲೆಕೆಳಗಾದ ಕ್ರಮ. 5.1 ಜೋಡಣೆಗೆ, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮಾಡಿರುವ ಶಿಫಾರಸು ಸರಳವಾಗಿದೆ. ನೀವು ಕೂರುವ ಜಾಗದಿಂದ ಪರದೆಯ ನಡುವಿಗೆ ಒಂದು ಗೆರೆ ಎಳೆದುಕೊಳ್ಳಿ. ಮುಂದಿನ ಎಡ–ಬಲ ಸ್ಪೀಕರ್‌ಗಳು ಆ ಗೆರೆಯಿಂದ ಎರಡೂ ಬದಿಗೆ 30 ಡಿಗ್ರಿಯಲ್ಲಿ ಇರಬೇಕು. ಅಂದರೆ ಆ ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಒಂದು ಸಮಬಾಹು ತ್ರಿಕೋನ. ಸುತ್ತಲಿನ ಸದ್ದಿಗಾಗಿ ಇರುವ ಸರೌಂಡ್ ಸ್ಪೀಕರ್‌ಗಳು 100ರಿಂದ 120 ಡಿಗ್ರಿಯಲ್ಲಿ, ಅಂದರೆ ನಿಮ್ಮ ಕಿವಿಯ ನೇರದಿಂದ ತುಸು ಹಿಂದಕ್ಕೆ. ತೀರಾ ಹಿಂದಿನ ಗೋಡೆಯ ಮೂಲೆಗಳಲ್ಲಲ್ಲ.

ನಡುವಿನ ಸ್ಪೀಕರ್ ಬಗ್ಗೆ ನನಗೆ ಸ್ವಲ್ಪ ಹಟವಿದೆ. ಸಿನಿಮಾದ ಮಾತು ಬಹುಪಾಲು ಅದರಿಂದಲೇ ಬರುತ್ತದೆ. ಆದರೆ ಟಿವಿ ಕೆಳಗಿನ ಕಪಾಟಿನೊಳಗೆ, ಅರ್ಧ ಅಡಿ ಹಿಂದಕ್ಕೆ ತಳ್ಳಿ, ಮುಂದೆ ಅಲಂಕಾರದ ಗೊಂಬೆ ಇಟ್ಟು ಅದನ್ನು ಮರೆಮಾಡುತ್ತಾರೆ. ಆಮೇಲೆ ‘ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ಬಾಂಬ್ ಸದ್ದು ಮಾತ್ರ ಜೋರು’ ಎಂದು ದೂರುತ್ತಾರೆ. ಕಪಾಟಿನ ಅಂಚಿಗೆ, ಸಾಧ್ಯವಾದರೆ ಒಂದೆರಡು ಸೆಂಟಿಮೀಟರ್ ಹೊರಗೆ ಬರುವಂತೆ ಅದನ್ನು ಎಳೆಯಿರಿ. ಮುಖ ನಿಮ್ಮ ಕಿವಿಯತ್ತ ತುಸು ಮೇಲಕ್ಕೆ ವಾಲಲಿ. ಈ ಕೋಣೆಯಲ್ಲಿ ಕುಳಿತಿರುವ ಅನೇಕರ ಸಮಸ್ಯೆ ಇಲ್ಲಿಗೇ ಮುಗಿದಿರಬಹುದು, ಎದ್ದು ಹೋದರೆ ಬೇಸರವಿಲ್ಲ.

ಈಗ ತಂತಿ. ಸ್ಪೀಕರ್ ತಂತಿಯ ಸುತ್ತ ಬೆಳೆದಿರುವಷ್ಟು ಪುರಾಣ ಬೇರೆ ಯಾವುದರ ಸುತ್ತಲೂ ಬೆಳೆದಿಲ್ಲ. ಮುಖ್ಯವಾದದ್ದು ತಾಮ್ರದ ದಪ್ಪ ಮತ್ತು ತಂತಿಯ ಉದ್ದ. ತಂತಿಯ ಒಟ್ಟು ರೋಧ ಸ್ಪೀಕರ್‌ನ ರೋಧದ 5 ಶೇಕಡಾದೊಳಗೆ ಇದ್ದರೆ ಸಾಕು. 8 ಓಮ್ ಸ್ಪೀಕರ್‌ಗೆ ಅದು 0.4 ಓಮ್. ಸ್ಪೀಕರ್ 10 ಮೀಟರ್ ದೂರದಲ್ಲಿದೆ ಎನ್ನಿ. ಹೋಗಿ ಬರುವ ದಾರಿ 20 ಮೀಟರ್. 1.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯಲ್ಲಿ ಆ ದೂರಕ್ಕೆ ಸುಮಾರು 0.23 ಓಮ್ ಆಗುತ್ತದೆ. ಧಾರಾಳವಾಯಿತು. ಅದೇ 0.5 ಚದರ ಮಿಲಿಮೀಟರ್‌ನ ತೆಳು ತಂತಿಯಾದರೆ 0.7 ಓಮ್ ಹತ್ತಿರ ಹೋಗುತ್ತದೆ, ಮಿತಿ ದಾಟಿತು. ಇನ್ನೂ ಉದ್ದವಿದ್ದರೆ ಅಥವಾ ಸ್ಪೀಕರ್ 4 ಓಮ್‌ನದಾದರೆ 2.5 ಚದರ ಮಿಲಿಮೀಟರ್ ತೆಗೆದುಕೊಳ್ಳಿ. ಹಾವಿನ ಪೊರೆಯಂಥ ಹೊದಿಕೆಯ, ಚಿನ್ನದ ಬಣ್ಣದ ದುಬಾರಿ ತಂತಿಗಳಿಗೆ ಕೊಡುವ ಹಣವನ್ನು ಸ್ಪೀಕರ್‌ಗೆ ಹಾಕಿ ಎನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಸಭೆಯಲ್ಲಿದ್ದಾರೆಂದು ಗೊತ್ತು, ಆಮೇಲೆ ಜಗಳವಾಡೋಣ. ಒಂದು ಎಚ್ಚರಿಕೆ ಮಾತ್ರ: ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೂ ಮಾರಾಟಕ್ಕಿರುತ್ತದೆ. ಅದರ ರೋಧ ಹೆಚ್ಚು. ಕೊಂಡರೆ ಒಂದು ಅಳತೆ ದಪ್ಪದ್ದನ್ನು ಕೊಳ್ಳಿ.

ತುದಿ ಬಿಡಿಸುವ ಕೆಲಸವನ್ನು ನಿಧಾನವಾಗಿ ಮಾಡಿ. ಹೊದಿಕೆಯನ್ನು ಒಂದು ಸೆಂಟಿಮೀಟರ್‌ನಷ್ಟು ಮಾತ್ರ ಸುಲಿಯಿರಿ. ಒಳಗೆ ಕೂದಲಿನಂಥ ಹತ್ತಾರು ಎಳೆಗಳಿರುತ್ತವೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದೇ ದಿಕ್ಕಿಗೆ ಹೊಸೆದು ಬಿಗಿ ಮಾಡಿ. ಟರ್ಮಿನಲ್‌ನ ತಿರುಪು ಸಡಿಲಿಸಿದಾಗ ಲೋಹದ ಕಂಬದಲ್ಲಿ ಅಡ್ಡ ತೂತು ಕಾಣುತ್ತದೆ. ಎಳೆಗಳನ್ನು ಅದರೊಳಗೆ ತೂರಿಸಿ ತಿರುಪು ಬಿಗಿ ಮಾಡಿ. ಹೊದಿಕೆ ತಿರುಪಿನ ಅಡಿಗೆ ಸಿಕ್ಕಬಾರದು, ಬರಿಯ ತಾಮ್ರ ಹೊರಗೆ ಇಣುಕಬಾರದು. ಇಷ್ಟೂ ಹೇಳುವುದಕ್ಕೆ ಕಾರಣವಿದೆ. ಹೊಸೆಯುವಾಗ ತಪ್ಪಿಸಿಕೊಂಡ ಒಂದೇ ಒಂದು ಎಳೆ ಪಕ್ಕದ ಕಪ್ಪು ಟರ್ಮಿನಲ್ಲಿಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್. ರಿಸೀವರ್ ಹಾಕಿದ ಕ್ಷಣ ‘ಟಕ್’ ಎಂದು ಆರಿಹೋಗುತ್ತದೆ, ಕೆಂಪು ದೀಪ ಮಿನುಗುತ್ತದೆ. ಯಂತ್ರ ಕೆಟ್ಟಿತೆಂದು ದುರಸ್ತಿಗೆ ಹೊತ್ತು ಹೋಗುವ ಮೊದಲು ಪ್ಲಗ್ ಕಿತ್ತು ಈ ತುದಿಗಳನ್ನು ಟಾರ್ಚ್ ಹಾಕಿ ನೋಡಿ. ತಂತಿಯ ತುದಿಗೆ ಕೂರಿಸುವ ಬನಾನಾ ಪ್ಲಗ್ ಹಾಕಿಕೊಂಡರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ರಿಸೀವರನ್ನು ಮತ್ತೆ ಮತ್ತೆ ಹೊರಗೆಳೆಯುವವರಿಗಂತೂ ಅದು ವರದಾನ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಎರಡು ಎಳೆಯ ತಂತಿಯಲ್ಲಿ ಒಂದರ ಮೇಲೆ ಬಣ್ಣದ ಗೆರೆಯೋ ಉಬ್ಬು ಗೀಟೋ ಇರುತ್ತದೆ. ಗುರುತಿರುವುದನ್ನು ಕೆಂಪು ಎಂದು ನಿರ್ಧರಿಸಿದರೆ ಇಡೀ ಮನೆಯಲ್ಲಿ ಅದೇ ನಿಯಮ ಇರಲಿ. ಒಂದು ಸ್ಪೀಕರ್‌ನದ್ದು ತಿರುಗುಮುರುಗಾದರೆ ಏನಾಗುತ್ತದೆ? ಏನೂ ಸುಡುವುದಿಲ್ಲ, ಸದ್ದೂ ಬರುತ್ತದೆ. ಅದೇ ತೊಂದರೆ, ಪತ್ತೆಯೇ ಆಗುವುದಿಲ್ಲ. ಎಡ ಸ್ಪೀಕರ್‌ನ ಕೋನ್ (ಅಲುಗಾಡಿ ಸದ್ದು ಹುಟ್ಟಿಸುವ ಬಟ್ಟಲಿನಂಥ ಭಾಗ) ಮುಂದೆ ಬರುವಾಗ ಬಲದ್ದು ಹಿಂದೆ ಹೋಗುತ್ತದೆ. ಒಂದೇ ಬಾಗಿಲನ್ನು ಇಬ್ಬರು ಒಳಗಿನಿಂದಲೂ ಹೊರಗಿನಿಂದಲೂ ತಳ್ಳಿದ ಹಾಗೆ. ತಗ್ಗು ಸ್ವರಗಳಲ್ಲಿ ಈ ಪರಿಣಾಮ ಜೋರು. 80 ಹರ್ಟ್ಸ್ ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು, ಸ್ಪೀಕರ್‌ಗಳ ನಡುವಿನ ಅಂತರ ಅದರ ಮುಂದೆ ಚಿಕ್ಕದು, ಹಾಗಾಗಿ ಎರಡೂ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಬೇಸ್ ಮಾಯ. ಎರಡು ಸ್ಪೀಕರ್‌ಗಳ ನಡುವೆ ನಿಂತು ಹಾಡುತ್ತಿದ್ದಂತೆ ಕೇಳಬೇಕಾದ ಗಾಯಕನ ಧ್ವನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯುವುದಿಲ್ಲ, ತಲೆಯೊಳಗೆ ತೇಲಾಡಿದಂತಾಗುತ್ತದೆ.

ತಂತಿ ಗೋಡೆಯೊಳಗೆ ಹೋಗಿದೆ, ಗುರುತು ಸಿಕ್ಕುವುದಿಲ್ಲ ಎನ್ನುವವರಿಗೆ ಒಂದು ಹಳೆಯ ಉಪಾಯ. ತಂತಿಯ ತುದಿಯನ್ನು ರಿಸೀವರ್‌ನಿಂದ ಪೂರ್ತಿ ಕಳಚಿ. ಸ್ಪೀಕರ್ ಕಡೆ ಹಾಗೇ ಇರಲಿ. ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟ್ ಬ್ಯಾಟರಿಯನ್ನು ಕಳಚಿದ ತುದಿಗೆ ಒಂದು ಕ್ಷಣ ಮಾತ್ರ ತಾಗಿಸಿ. ಇನ್ನೊಬ್ಬರು ಸ್ಪೀಕರ್‌ನ ಮುಂದಿನ ಜಾಲರಿ ತೆಗೆದು ದೊಡ್ಡ ಕೋನ್ ನೋಡುತ್ತಿರಲಿ. ‘ಟಪ್’ ಎಂದು ಕೋನ್ ಹೊರಕ್ಕೆ ಜಿಗಿದರೆ ಬ್ಯಾಟರಿಯ ಪ್ಲಸ್ ತಾಗಿದ ಎಳೆಯೇ ಕೆಂಪು ಟರ್ಮಿನಲ್ಲಿಗೆ ಹೋಗಿರುವುದು. ಒಳಕ್ಕೆ ಸರಿದರೆ ಉಲ್ಟಾ. ಎತ್ತರದ ಸ್ವರ ನುಡಿಸುವ ಚಿಕ್ಕ ಟ್ವೀಟರ್‌ನಲ್ಲಿ ಈ ಪ್ರಯೋಗ ಬೇಡ. ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್‌ಗಳಲ್ಲಿ ಖಂಡಿತ ಬೇಡ.

ಕೆಲವು ಸ್ಪೀಕರ್‌ಗಳ ಹಿಂದೆ ಎರಡರ ಬದಲು ನಾಲ್ಕು ಟರ್ಮಿನಲ್‌ಗಳಿರುತ್ತವೆ, ಮೇಲಿನದಕ್ಕೂ ಕೆಳಗಿನದಕ್ಕೂ ಲೋಹದ ಪಟ್ಟಿಯ ಸೇತುವೆ ಇರುತ್ತದೆ. ಆ ಪಟ್ಟಿಯನ್ನು ತೆಗೆಯಬೇಡಿ. ತೆಗೆದು ಕೆಳಗಿನ ಜೋಡಿಗೆ ಮಾತ್ರ ತಂತಿ ಕೊಟ್ಟರೆ ಟ್ವೀಟರ್ ಬಾಯಿ ಮುಚ್ಚುತ್ತದೆ, ಕಂಬಳಿ ಹೊದಿಸಿದಂಥ ಧ್ವನಿ ಬರುತ್ತದೆ.

ರಿಸೀವರ್‌ನಲ್ಲಿ ಇನ್ನೊಂದು ಸಾಮಾನ್ಯ ಗೊಂದಲ: ಸರೌಂಡ್ ಮತ್ತು ಸರೌಂಡ್ ಬ್ಯಾಕ್ ಎಂದು ಎರಡು ಜೋಡಿ ಟರ್ಮಿನಲ್‌ಗಳಿರುತ್ತವೆ. ನಿಮ್ಮ ಬಳಿ ಐದೇ ಸ್ಪೀಕರ್ ಇದ್ದರೆ ಅವುಗಳಲ್ಲಿ ಸರೌಂಡ್ ಜೋಡಿ ಹಿಂದಿದ್ದರೂ ಸರೌಂಡ್‌ಗೇ ಹೋಗಬೇಕು. ‘ಹಿಂದಿದೆ, ಆದ್ದರಿಂದ ಬ್ಯಾಕ್’ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಓಮ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. 8 ಓಮ್ ಎಂದು ಬರೆದಿರುವುದು ಒಂದು ಅಂದಾಜು ಅಷ್ಟೆ. ಸ್ವರ ಬದಲಾದಂತೆ ಅದು ಏರಿಳಿಯುತ್ತದೆ. ನೆನಪಿಡಬೇಕಾದದ್ದು, ಎರಡು 8 ಓಮ್ ಸ್ಪೀಕರ್‌ಗಳನ್ನು ಒಂದೇ ಟರ್ಮಿನಲ್ಲಿಗೆ ಸಮಾನಾಂತರವಾಗಿ ಕಟ್ಟಿದರೆ ರಿಸೀವರ್‌ಗೆ ಕಾಣುವುದು 4 ಓಮ್. ಹರಿಯುವ ಕರೆಂಟ್ ಎರಡು ಪಟ್ಟು. ಮೂರು ಕಟ್ಟಿದರೆ 2.7 ಓಮ್, ಅಷ್ಟನ್ನು ತಡೆದುಕೊಳ್ಳಲು ಅದನ್ನು ಮಾಡಿಲ್ಲ. ಪಕ್ಕದ ಕೋಣೆಗೂ ಒಂದು ಜೋಡಿ ಇರಲಿ ಎಂದು ಹೀಗೆ ಕಟ್ಟಿ ಯಂತ್ರ ಸುಟ್ಟುಕೊಂಡವರಿದ್ದಾರೆ. ಮೆನುವಿನಲ್ಲಿ ಓಮ್ ಬದಲಿಸುವ ಆಯ್ಕೆ ಇದ್ದರೆ, ಬಹಳಷ್ಟು ರಿಸೀವರ್‌ಗಳಲ್ಲಿ ಅದು ಮಾಡುವುದು ಒಳಗಿನ ವೋಲ್ಟೇಜ್ ತಗ್ಗಿಸಿ ಕಾವು ಕಡಿಮೆ ಮಾಡುವ ಕೆಲಸ. ಧ್ವನಿ ಅದರಿಂದ ಉತ್ತಮವಾಗುವುದಿಲ್ಲ.

ಓಮ್ ಬಂದ ಮೇಲೆ ವ್ಯಾಟ್ ಬಗ್ಗೆಯೂ ಎರಡು ಮಾತು, ವಿಷಯ ತುಸು ಆಚೆ ಹೋದರೂ ಪರವಾಗಿಲ್ಲ. 50 ವ್ಯಾಟ್‌ಗೂ 100 ವ್ಯಾಟ್‌ಗೂ ಇರುವ ವ್ಯತ್ಯಾಸ 3 ಡೆಸಿಬಲ್. ಕಿವಿಗೆ ಸ್ವಲ್ಪ ಜೋರಾಯಿತು ಅನ್ನಿಸುತ್ತದೆ, ಅಷ್ಟೇ. ಎರಡು ಪಟ್ಟು ಜೋರಾಗಿ ಕೇಳಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುವ ಸ್ಪೀಕರನ್ನು ಬಿಟ್ಟು 85ರದ್ದನ್ನು ಕೊಂಡರೆ, ಅದೇ ಸದ್ದಿಗೆ ನಿಮ್ಮ ರಿಸೀವರ್ ದುಪ್ಪಟ್ಟು ದುಡಿಯಬೇಕು. ಜಾಹೀರಾತಿನ ವ್ಯಾಟ್ ಸಂಖ್ಯೆಗಿಂತ ಸ್ಪೀಕರ್‌ನ ಹಿಂದೆ ಬರೆದಿರುವ ಈ ಡೆಸಿಬಲ್ ಸಂಖ್ಯೆ ನೋಡುವವರು ಕಡಿಮೆ.

ಈಗ ಸಬ್‌ವೂಫರ್. 5.1ರಲ್ಲಿ ಆ ‘.1’ ಎನ್ನುವುದು 120 ಹರ್ಟ್ಸ್‌ವರೆಗಿನ ತಗ್ಗು ಸದ್ದುಗಳಿಗೆಂದೇ ಮೀಸಲಾದ ದಾರಿ. ಸಾಮಾನ್ಯವಾಗಿ ಸಬ್‌ವೂಫರ್‌ನೊಳಗೇ ಆಂಪ್ಲಿಫೈಯರ್ ಇರುವುದರಿಂದ ಇದಕ್ಕೆ ಸ್ಪೀಕರ್ ತಂತಿ ಬೇಡ. ರಿಸೀವರ್‌ನ ಸಬ್‌ವೂಫರ್ ಔಟ್‌ನಿಂದ ಸಬ್‌ನ ಎಲ್‌ಎಫ್‌ಇ ಎಂಬ ಸಾಕೆಟ್ಟಿಗೆ ಕೆಂಪು–ಬಿಳಿ ಸಾಕೆಟ್‌ಗಳಿಗೆ ಹಾಕುವಂಥ ಒಂದೇ ಒಂದು ಆರ್‌ಸಿಎ ಕೇಬಲ್. ಸಬ್‌ನ ಹಿಂದೆ ಎರಡು ಗುಂಡಿಗಳಿರುತ್ತವೆ. ಕ್ರಾಸ್‌ಓವರ್ ಎಂಬುದನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ. ಎಲ್ಲಿಂದ ಕತ್ತರಿಸಬೇಕು ಎಂಬುದನ್ನು ರಿಸೀವರ್ ನಿರ್ಧರಿಸುತ್ತದೆ, ಎರಡು ಕಡೆ ಕತ್ತರಿಸಿದರೆ ನಡುವೆ ಒಂದಷ್ಟು ಸ್ವರಗಳು ಕಾಣೆಯಾಗುತ್ತವೆ. ವಾಲ್ಯೂಮ್ ಎಂಬುದನ್ನು ಅರ್ಧಕ್ಕೆ ಇಡಿ.

ರಿಸೀವರ್ ಮೆನುವಿನಲ್ಲಿ ಪ್ರತಿ ಸ್ಪೀಕರ್ ‘ಸ್ಮಾಲ್’ ಅಥವಾ ‘ಲಾರ್ಜ್’ ಎಂದು ಕೇಳುತ್ತದೆ. ಎದೆಮಟ್ಟದ ಸ್ಪೀಕರ್ ಕೊಂಡವರಿಗೆ ಸ್ಮಾಲ್ ಎಂದು ಒತ್ತಲು ಮನಸ್ಸೇ ಬರುವುದಿಲ್ಲ. ಇದು ಗಾತ್ರದ ಪ್ರಶ್ನೆಯಲ್ಲ. ಸ್ಮಾಲ್ ಎಂದರೆ ತಗ್ಗು ಸ್ವರಗಳನ್ನು ಅದರಿಂದ ತೆಗೆದು ಸಬ್‌ವೂಫರ್‌ಗೆ ಕಳಿಸು ಎಂದರ್ಥ. ಸಬ್‌ವೂಫರ್ ಇದ್ದ ಮೇಲೆ ಎಲ್ಲವನ್ನೂ ಸ್ಮಾಲ್ ಮಾಡಿ, ಗಡಿಯನ್ನು 80 ಹರ್ಟ್ಸ್‌ನಲ್ಲಿ ಇಟ್ಟು ಶುರು ಮಾಡಿ. ರಿಸೀವರ್‌ನ ಹೊರೆ ಇಳಿಯುತ್ತದೆ, ಮಾತು ತಿಳಿಯಾಗುತ್ತದೆ.

ಸಬ್‌ವೂಫರ್ ಎಲ್ಲಿಡಬೇಕು? ಇದಕ್ಕೊಂದು ತಮಾಷೆಯ ಆದರೆ ಖಚಿತವಾದ ವಿಧಾನವಿದೆ. ಅದನ್ನು ತಾತ್ಕಾಲಿಕವಾಗಿ ನೀವು ಕೂರುವ ಸೋಫಾದ ಮೇಲೇ ಇಡಿ. ಬೇಸ್ ಹೆಚ್ಚಿರುವ ಸಂಗೀತ ಹಾಕಿ. ಆಮೇಲೆ ಕೋಣೆಯ ಗೋಡೆಗುಂಟ ಅಂಬೆಗಾಲಿಟ್ಟು ಸುತ್ತಿ. ಒಂದು ಮೂಲೆಯಲ್ಲಿ ಗುಡುಗುಡು ಎಂದು ರೇಜಿಗೆ ಹಿಡಿಸುತ್ತದೆ, ಇನ್ನೊಂದು ಕಡೆ ಸದ್ದೇ ಇಲ್ಲ, ಮತ್ತೊಂದು ಕಡೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಆ ಕೊನೆಯ ಜಾಗವೇ ಸಬ್‌ವೂಫರ್‌ನ ಜಾಗ. ಮನೆಯವರು ಇಲ್ಲದ ಹೊತ್ತು ನೋಡಿ ಮಾಡಿದರೆ ಮರ್ಯಾದೆ ಉಳಿಯುತ್ತದೆ.

ಸ್ಪೀಕರ್‌ಗಳಾದವು. ಇನ್ನು ಸಿಗ್ನಲ್ ಒಳಬರುವ ದಾರಿ. ಇಲ್ಲಿ ಟಿವಿಯೇ ದೊಡ್ಡ ತಲೆನೋವು. ಡಿಸ್ಕ್ ಪ್ಲೇಯರ್, ಕನ್ಸೋಲ್ ಎಲ್ಲವನ್ನೂ ರಿಸೀವರ್‌ನ ಎಚ್‌ಡಿಎಂಐ ಇನ್‌ಗೆ ಕೊಟ್ಟು, ರಿಸೀವರ್‌ನ ಎಚ್‌ಡಿಎಂಐ ಔಟ್‌ನಿಂದ ಟಿವಿಗೆ ಒಂದು ಕೇಬಲ್ ಎಳೆದರೆ ಚಿತ್ರ ಮುಂದಕ್ಕೆ ಹೋಗುತ್ತದೆ, ಧ್ವನಿ ರಿಸೀವರ್‌ನಲ್ಲೇ ಉಳಿಯುತ್ತದೆ. ಆದರೆ ಟಿವಿಯೊಳಗಿನ ಆಪ್‌ನಲ್ಲೇ ಸಿನಿಮಾ ನೋಡಿದರೆ ಧ್ವನಿ ಹುಟ್ಟುವುದು ಟಿವಿಯಲ್ಲಿ. ಅದು ಹಿಂದಕ್ಕೆ ಬರಬೇಕು. ಅದೇ ಕೇಬಲ್‌ನಲ್ಲಿ ಧ್ವನಿಯನ್ನು ಹಿಂದಕ್ಕೆ ತರುವ ವ್ಯವಸ್ಥೆಯೇ ಎಆರ್‌ಸಿ. 2009ರ ಎಚ್‌ಡಿಎಂಐ 1.4 ಆವೃತ್ತಿಯಲ್ಲಿ ಅದು ಬಂತು. 2017ರ 2.1 ಆವೃತ್ತಿಯೊಡನೆ ಇನ್ನೂ ಹೆಚ್ಚು ಮಾಹಿತಿ ಸಾಗಿಸಬಲ್ಲ ಇ-ಎಆರ್‌ಸಿ ಬಂತು. ಟಿವಿಯ ನಾಲ್ಕು ಎಚ್‌ಡಿಎಂಐ ಸಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಒಂದರಲ್ಲಿ ಮಾತ್ರ ಈ ಸೌಲಭ್ಯವಿರುತ್ತದೆ, ಪಕ್ಕದಲ್ಲಿ ಬರೆದಿರುತ್ತದೆ. ರಿಸೀವರ್ ಕಡೆಯಲ್ಲೂ ಹಾಗೆಯೇ. ಬೇರೆ ಸಾಕೆಟ್ಟಿಗೆ ಹಾಕಿ ‘ಚಿತ್ರ ಬರುತ್ತದೆ, ಟಿವಿ ಆಪ್‌ನ ಧ್ವನಿ ಬರುವುದಿಲ್ಲ’ ಎಂದರೆ ಕಾರಣ ಇಷ್ಟೇ.

ಸರಿಯಾದ ಸಾಕೆಟ್ಟಿಗೆ ಹಾಕಿದ ಮೇಲೂ ಎರಡು ಕೆಲಸ ಉಳಿದಿವೆ. ಟಿವಿಯಲ್ಲೂ ರಿಸೀವರ್‌ನಲ್ಲೂ ಸಿಇಸಿ ಎಂಬ ನಿಯಂತ್ರಣ ವ್ಯವಸ್ಥೆಯನ್ನು ಆನ್ ಮಾಡಬೇಕಾಗುತ್ತದೆ. ಪ್ರತಿ ಕಂಪನಿಯೂ ಅದಕ್ಕೆ ತನ್ನದೇ ಮುದ್ದು ಹೆಸರಿಟ್ಟಿರುವುದರಿಂದ ಮೆನುವಿನಲ್ಲಿ ಹುಡುಕಬೇಕು. ಇನ್ನೊಂದು, ಟಿವಿಯ ಡಿಜಿಟಲ್ ಔಟ್‌ಪುಟ್ ಸೆಟ್ಟಿಂಗ್. ಅದು ಪಿಸಿಎಂ ಎಂದಿದ್ದರೆ ಎಆರ್‌ಸಿ ಮತ್ತು ಆಪ್ಟಿಕಲ್ ದಾರಿಗಳಲ್ಲಿ ಬರುವುದು ಬರೀ ಎರಡು ಚಾನೆಲ್. ಐದು ಸ್ಪೀಕರ್ ಕಟ್ಟಿ, ಸ್ಟೀರಿಯೋ ಕೇಳುತ್ತಾ ಕುಳಿತಿರುವ ಮನೆಗಳು ಎಷ್ಟೋ! ಅದನ್ನು ಬಿಟ್‌ಸ್ಟ್ರೀಮ್, ಪಾಸ್‌ಥ್ರೂ ಅಥವಾ ಆಟೋಗೆ ಬದಲಿಸಿ.

‘ಆದರೆ ನಮ್ಮಲ್ಲಿ ಎಲ್ಲ ಸ್ಪೀಕರ್‌ಗಳಿಂದಲೂ ಸದ್ದು ಬರುತ್ತದಲ್ಲ’ ಎಂದು ಅಲ್ಲಿ ಒಬ್ಬರು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಎರಡೇ ಚಾನೆಲ್ ಬಂದರೂ ರಿಸೀವರ್ ಅದನ್ನು ಹಿಗ್ಗಿಸಿ ಎಲ್ಲ ಸ್ಪೀಕರ್‌ಗಳಿಗೂ ಹಂಚಬಲ್ಲದು, ಆದ್ದರಿಂದ ಸದ್ದು ಬರುವುದು ಸಾಕ್ಷಿಯಾಗುವುದಿಲ್ಲ. ಸಾಕ್ಷಿ ಇರುವುದು ಮುಂದಿನ ಪುಟ್ಟ ಪರದೆಯಲ್ಲಿ. ಅಥವಾ ರಿಮೋಟಿನ ಮಾಹಿತಿ ಗುಂಡಿಯಲ್ಲಿ. ಒಳಬರುತ್ತಿರುವ ಸಿಗ್ನಲ್ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ 5.1 ಎಂದು ತೋರಿಸಿದರೆ ಸರಿ; 5.1 ಇರುವ ಸಿನಿಮಾ ಓಡುತ್ತಿದ್ದರೂ ಎರಡು ಚಾನೆಲ್‌ನ ಪಿಸಿಎಂ ಎಂದು ತೋರಿಸಿದರೆ ಟಿವಿ ಎಲ್ಲೋ ನುಂಗುತ್ತಿದೆ.

ಎಆರ್‌ಸಿಗೂ ಇ-ಎಆರ್‌ಸಿಗೂ ವ್ಯತ್ಯಾಸ ಯಾವಾಗ ಮುಖ್ಯವಾಗುತ್ತದೆ? ಸ್ಟ್ರೀಮಿಂಗ್‌ನಲ್ಲಿ ಬರುವ ಅಟ್ಮಾಸ್ (ಮೇಲಿನಿಂದಲೂ ಸದ್ದು ಬರುವಂತೆ ಮಾಡುವ ಡಾಲ್ಬಿಯ ವ್ಯವಸ್ಥೆ) ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿರುವುದರಿಂದ ಸಾಧಾರಣ ಎಆರ್‌ಸಿಯಲ್ಲೂ ಹಾದುಹೋಗಬಲ್ಲದು. ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ ಎಂಬ ಹೆಚ್ಚು ಮಾಹಿತಿಯ ಧ್ವನಿರೂಪ ಹಾದುಹೋಗದು, ಅದಕ್ಕೆ ಇ-ಎಆರ್‌ಸಿಯೇ ಬೇಕು. ಹಾಗೆಂದು ಹೊಸ ಟಿವಿ ಕೊಳ್ಳಬೇಕಿಲ್ಲ. ಪ್ಲೇಯರನ್ನು ನೇರವಾಗಿ ರಿಸೀವರ್‌ಗೆ ಕೊಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. ಇ-ಎಆರ್‌ಸಿ ನಿಜವಾಗಿ ಕೈಹಿಡಿಯುವುದು ರಿಸೀವರ್ ಹಳೆಯ ವೀಡಿಯೋ ಗುಣಮಟ್ಟದ್ದಾಗಿದ್ದು, ಹೊಸ ಗೇಮ್ ಕನ್ಸೋಲನ್ನು ನೇರವಾಗಿ ಟಿವಿಗೇ ಜೋಡಿಸಬೇಕಾದಾಗ. ಆದರೆ ಇ-ಎಆರ್‌ಸಿ ಎರಡೂ ಕಡೆ, ಟಿವಿಯಲ್ಲೂ ರಿಸೀವರ್‌ನಲ್ಲೂ ಇರಬೇಕು.

ಎಆರ್‌ಸಿ ಇಲ್ಲದ ಹಳೆಯ ಟಿವಿ ಇದ್ದರೆ ಆಪ್ಟಿಕಲ್ ಕೇಬಲ್ ಬಳಸಿ. ತೋಷಿಬಾ ಕಂಪನಿ 1983ರಲ್ಲಿ ತಂದ ವ್ಯವಸ್ಥೆ, ಇನ್ನೂ ಬದುಕಿದೆ. ಅದು ಬೆಳಕಿನಲ್ಲಿ ಅಂಕಿ ಸಾಗಿಸುವುದರಿಂದ ವಿದ್ಯುತ್ ಗದ್ದಲ ಅಂಟುವುದಿಲ್ಲ. ಹೊಸ ಕೇಬಲ್‌ನ ಎರಡೂ ತುದಿಯಲ್ಲಿ ಪುಟ್ಟ ಪಾರದರ್ಶಕ ಟೋಪಿ ಇರುತ್ತದೆ, ಅದನ್ನು ತೆಗೆಯದೆ ಒತ್ತಿ ಒತ್ತಿ ಸಾಕೆಟ್ಟಿನ ಬಾಗಿಲನ್ನೇ ಮುರಿಯುವವರುಂಟು. ಒಂದು ತುದಿ ಟಿವಿಗೆ ಹಾಕಿ, ಇನ್ನೊಂದು ತುದಿಯನ್ನು ಅಂಗೈಗೆ ಹಿಡಿಯಿರಿ. ಕೆಂಪು ಚುಕ್ಕೆ ಬಿದ್ದರೆ ಟಿವಿ ಕಳಿಸುತ್ತಿದೆ ಎಂದರ್ಥ.

ರೆಕಾರ್ಡ್ ಪ್ಲೇಯರ್ ಇರುವವರು ಕೈ ಎತ್ತಿ. ಪರವಾಗಿಲ್ಲ, ಇನ್ನೂ ಇದ್ದೀರಿ. ನಿಮ್ಮ ಯಂತ್ರ ಕೊಡುವ ಆ 5 ಮಿಲಿವೋಲ್ಟ್ ಬರೀ ಸಣ್ಣದಷ್ಟೇ ಅಲ್ಲ, ಓರೆಯೂ ಹೌದು. ರೆಕಾರ್ಡ್ ಕೊರೆಯುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ, ಎತ್ತರದ ಸ್ವರಗಳನ್ನು ಹಿಗ್ಗಿಸಿರುತ್ತಾರೆ. ಇಲ್ಲದಿದ್ದರೆ ಬೇಸ್ ಬಂದಾಗ ಗೀರು ಪಕ್ಕದ ಗೀರಿಗೆ ನುಗ್ಗುತ್ತದೆ. ಇದಕ್ಕೆ 1954ರಲ್ಲಿ ಆರ್‌ಐಎಎ ಎಂಬ ಒಂದೇ ಮಾನದಂಡ ಬಂತು. ನುಡಿಸುವಾಗ ಅದನ್ನು ತಿರುಗಿಸಿ ಸರಿಪಡಿಸಬೇಕು, ಆ ಕೆಲಸ ಮಾಡುವುದು ರಿಸೀವರ್‌ನ ಫೋನೋ ಸಾಕೆಟ್. ಅದನ್ನು ಬಿಟ್ಟು ಸಿಡಿ ಸಾಕೆಟ್ಟಿಗೆ ಹಾಕಿದರೆ ಸೊಳ್ಳೆ ಹಾಡಿದಂತೆ ಕೇಳುತ್ತದೆ. ಸಿಡಿ ಪ್ಲೇಯರನ್ನು ಫೋನೋಗೆ ಹಾಕಿದರೆ ಕಿವಿ ಹರಿದುಹೋಗುವಂಥ ಕರ್ಕಶ. ಪ್ಲೇಯರ್‌ನಲ್ಲೇ ಫೋನೋ–ಲೈನ್ ಎಂಬ ಸ್ವಿಚ್ ಇದ್ದರೆ ಎರಡು ಕಡೆ ಸರಿಪಡಿಸದಂತೆ ನೋಡಿಕೊಳ್ಳಿ. ಜೊತೆಗೆ ಬರುವ ತೆಳುವಾದ ಒಂಟಿ ತಂತಿಯನ್ನು ರಿಸೀವರ್‌ನ ಜಿಎನ್‌ಡಿ ತಿರುಪಿಗೆ ಕಟ್ಟಿ; ಕಟ್ಟದಿದ್ದರೆ ಗುಂಯ್ ಎನ್ನುತ್ತದೆ.

ಗುಂಯ್ ಸದ್ದು ಬೇರೆ ಕಾರಣಗಳಿಂದಲೂ ಬರುತ್ತದೆ. ಎರಡು ಉಪಕರಣಗಳು ಬೇರೆ ಬೇರೆ ಗೋಡೆಯ ಸಾಕೆಟ್‌ನಿಂದ ವಿದ್ಯುತ್ ಪಡೆದು, ಒಂದೇ ಆಡಿಯೋ ಕೇಬಲ್‌ನಿಂದ ಜೋಡಣೆಯಾಗಿದ್ದರೆ ಭೂಸಂಪರ್ಕದ ಒಂದು ಕುಣಿಕೆ ಬೀಳುತ್ತದೆ. ಆ ಕುಣಿಕೆಯಲ್ಲಿ ವಿದ್ಯುತ್ ಜಾಲದ 50 ಅಥವಾ 60 ಹರ್ಟ್ಸ್ ಹರಿದು ಸಬ್‌ವೂಫರ್‌ನಲ್ಲಿ ಕೇಳುತ್ತದೆ. ಪತ್ತೆ ಹಚ್ಚುವ ದಾರಿ: ಕೇಬಲ್‌ಗಳನ್ನು ಒಂದೊಂದಾಗಿ ಕಳಚುತ್ತಾ ಬನ್ನಿ, ಯಾವುದನ್ನು ಕಳಚಿದಾಗ ಸದ್ದು ನಿಂತಿತೋ ಅದೇ ಅಪರಾಧಿ. ಹೊರಗಿನಿಂದ ಬರುವ ಟಿವಿ ಕೇಬಲ್ ಮೇಲೆ ಮೊದಲ ಅನುಮಾನವಿರಲಿ. ಎಲ್ಲವನ್ನೂ ಒಂದೇ ಕಡೆಯಿಂದ ವಿದ್ಯುತ್ ಕೊಟ್ಟು ನೋಡಿ. ಆದರೆ ಗುಂಯ್ ಹೋಗಲಿ ಎಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು, ತಂತಿ ಕತ್ತರಿಸುವುದು ಖಂಡಿತ ಬೇಡ. ಒಳಗೇನಾದರೂ ಕೆಟ್ಟ ದಿನ ಲೋಹದ ಪೆಟ್ಟಿಗೆ ಮುಟ್ಟಿದವರ ಪ್ರಾಣ ಉಳಿಸುವುದು ಅದೇ ಪಿನ್.

ಎಲ್ಲ ಆಯಿತು, ಪ್ಲಗ್ ಹಾಕಿದಿರಿ. ಈಗ ಪೆಟ್ಟಿಗೆಯಲ್ಲಿ ಬಂದ ಪುಟ್ಟ ಮೈಕ್ ತೆಗೆಯಿರಿ. ಸ್ಪೀಕರ್‌ಗಳನ್ನು ತಾನಾಗಿ ಅಳೆದು ಹೊಂದಿಸುವ ವ್ಯವಸ್ಥೆಗೆ ಆಡಿಸ್ಸಿ, ವೈಪಿಎಒ, ಎಂಸಿಎಸಿಸಿ ಎಂದು ಹೆಸರು ಬೇರೆಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ಮೈಕನ್ನು ಸೋಫಾದ ದಿಂಬಿನ ಮೇಲೆ ಇಡಬೇಡಿ, ಕೈಯಲ್ಲಿ ಹಿಡಿಯಬೇಡಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ನಿಮ್ಮ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್ ಆರಿಸಿ, ಸುಮ್ಮನಿರಿ. ರಿಸೀವರ್ ಒಂದೊಂದೇ ಸ್ಪೀಕರ್‌ನಿಂದ ಸದ್ದು ಕಳಿಸಿ, ಅದು ಎಷ್ಟು ಹೊತ್ತಿಗೆ ಮೈಕ್ ತಲುಪಿತು, ಎಷ್ಟು ಜೋರಾಗಿ ತಲುಪಿತು ಎಂದು ಅಳೆಯುತ್ತದೆ.

ಅಳತೆಯ ಫಲಿತಾಂಶವನ್ನು ಓದದೆ ಮುಂದೆ ಹೋಗಬೇಡಿ. ಸಬ್‌ವೂಫರ್ 3 ಮೀಟರ್ ದೂರದಲ್ಲಿದೆ, ಪರದೆಯಲ್ಲಿ ನಾಲ್ಕೂವರೆ ಮೀಟರ್ ಎಂದು ಬಂತು ಅನ್ನಿ. ಟೇಪ್ ಹಿಡಿದು ಅಳೆದು ‘ಯಂತ್ರಕ್ಕೆ ಲೆಕ್ಕ ಬರುವುದಿಲ್ಲ’ ಎಂದು ತಿದ್ದಲು ಹೋಗಬೇಡಿ. ಸಬ್‌ವೂಫರ್‌ನೊಳಗಿನ ಇಲೆಕ್ಟ್ರಾನಿಕ್ಸ್ ಸಿಗ್ನಲ್ಲನ್ನು ಕೆಲವು ಮಿಲಿಸೆಕೆಂಡ್ ತಡ ಮಾಡುತ್ತದೆ. ಧ್ವನಿ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಸಾಗುವುದರಿಂದ ಆ ತಡವೇ ಹೆಚ್ಚುವರಿ ದೂರವಾಗಿ ಕಾಣುತ್ತದೆ. ರಿಸೀವರ್‌ಗೆ ಬೇಕಿರುವುದು ಸಮಯ, ಗೋಡೆಯಿಂದ ಗೋಡೆಗಿರುವ ದೂರವಲ್ಲ. ಸಬ್‌ವೂಫರ್‌ನ ಮಟ್ಟ −12 ಡೆಸಿಬಲ್ ಎಂಬ ತಳಮಿತಿಗೆ ಬಂದು ನಿಂತಿದ್ದರೆ ಅದರ ಹಿಂದಿನ ವಾಲ್ಯೂಮ್ ಗುಂಡಿಯನ್ನು ಇಳಿಸಿ ಮತ್ತೊಮ್ಮೆ ಅಳೆಸಿ. ಯಾವುದಾದರೂ ಸ್ಪೀಕರ್‌ಗೆ ಫೇಸ್, ಅಂದರೆ ಕೋನ್ ಅಲುಗುವ ದಿಕ್ಕು, ತಪ್ಪಿದೆ ಎಂದು ಎಚ್ಚರಿಸಿದರೆ ಕೆಂಪು–ಕಪ್ಪು ತಂತಿಯನ್ನು ಒಮ್ಮೆ ನೋಡಿ. ಸರಿಯಾಗಿದ್ದರೆ ಮುಂದುವರಿಯಿರಿ, ಕೆಲವು ಸ್ಪೀಕರ್‌ಗಳ ಒಳರಚನೆಯೇ ಮೈಕನ್ನು ಹಾಗೆ ಯಾಮಾರಿಸುತ್ತದೆ. ದೊಡ್ಡ ಸ್ಪೀಕರ್‌ಗಳನ್ನು ಅದು ತಾನಾಗಿ ಲಾರ್ಜ್ ಮಾಡಿದ್ದರೆ, ನಾನು ಆಗಲೇ ಹೇಳಿದಂತೆ, ಸ್ಮಾಲ್‌ಗೆ ತನ್ನಿ. ತುಟಿ ಅಲುಗುವ ಮೊದಲೇ ಮಾತು ಕೇಳಿದರೆ ಆಡಿಯೋ ಡಿಲೇ ಎಂಬ ಆಯ್ಕೆಯಲ್ಲಿ ತಿದ್ದಿಕೊಳ್ಳಿ. ಅದು ಧ್ವನಿಯನ್ನು ತಡ ಮಾಡಬಲ್ಲದೇ ಹೊರತು ಮುಂಚೆ ತರಲಾರದು. ಮಾತೇ ತಡವಾಗಿ ಬರುತ್ತಿದ್ದರೆ ಟಿವಿಯ ಡಿಜಿಟಲ್ ಔಟ್‌ಪುಟ್ ಸೆಟ್ಟಿಂಗ್‌ಗಳಲ್ಲಿ ಹುಡುಕಿ.

ಕೊನೆಯಲ್ಲಿ ಬಂದ ಪ್ರಶ್ನೆ, ಚಾವಣಿಗೆ ಎರಡು ಸ್ಪೀಕರ್ ಸೇರಿಸಿ 5.1.2 ಮಾಡಬಹುದೇ ಎಂದು. ಏಳು ಚಾನೆಲ್‌ನ, ಅಟ್ಮಾಸ್ ಗೊತ್ತಿರುವ ರಿಸೀವರ್ ಇದ್ದರೆ ಮಾಡಬಹುದು. ಅದರ ಸರೌಂಡ್ ಬ್ಯಾಕ್ ಟರ್ಮಿನಲ್‌ಗಳನ್ನೇ ಚಾವಣಿ ಸ್ಪೀಕರ್‌ಗಳಿಗೂ, ಇನ್ನೊಂದು ಕೋಣೆಗೂ ಬಳಸಿಕೊಳ್ಳುವ ಅವಕಾಶ ಬಹಳಷ್ಟು ಯಂತ್ರಗಳಲ್ಲಿದೆ, ಆದರೆ ಒಂದು ಹೊತ್ತಿಗೆ ಒಂದಕ್ಕೆ ಮಾತ್ರ. ಯಾವುದಕ್ಕೆ ಎಂಬುದನ್ನು ಮೆನುವಿನಲ್ಲಿ ಮೊದಲು ಹೇಳಬೇಕು, ಇಲ್ಲದಿದ್ದರೆ ತಂತಿ ಸರಿಯಿದ್ದರೂ ಚಾವಣಿ ಮೌನವಾಗಿರುತ್ತದೆ. ಚಾವಣಿ ಕೊರೆಯಲು ಇಷ್ಟವಿಲ್ಲದವರು ಮೇಲ್ಮುಖವಾಗಿ ಸದ್ದು ಎಸೆಯುವ ಸ್ಪೀಕರ್ ಇಡಬಹುದು. ಚಾವಣಿ ಸಮತಟ್ಟಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಇಳಿಜಾರು ಚಾವಣಿಯಿದ್ದರೆ ಹಣ ದಂಡ. ಎರಡರಲ್ಲಿ ಯಾವುದನ್ನು ಹಾಕಿದರೂ ಮೈಕ್ ಹಿಡಿದು ಅಳತೆಯನ್ನು ಮೊದಲಿನಿಂದ ಮತ್ತೆ ಮಾಡಿಸಿ. ರಿಸೀವರ್‌ನ ಮೇಲೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೀರಾ ಎಂದೂ ನೋಡಿ, ಏಳು ಚಾನೆಲ್ ಓಡುವಾಗ ಆ ಪೆಟ್ಟಿಗೆ ಬಿಸಿಯಾಗುತ್ತದೆ.